ಇಪ್ಪತ್ತಾರನೇ ನಂಬರು

ಆಲ್ಫ್ರೆಡ್ ಸಿಮಿಯುನ ಸಂಕಟಕ್ಕೆಲ್ಲ ಮೂಲ ಹದಿನಾರು ವರ್ಷಗಳ ಹಿಂದೆ ಅವನು ಕುಡಿದ ಒಂದು ಕಪ್ ಚಹಾ. ಅವತ್ತು ನೈರೋಬಿಯ ಕೊರೊಂಗೊ ಏರ್‌ವೇಸ್‌ನಲ್ಲಿ ಅವನೂ ಕಿಲೊಂಜೊ ಎಂಬವನೂ ಕೆಲಸಕ್ಕೆ ಸೇರುವ ದಿನ. ಗುಮಾಸ್ತನ ಕಿಟಕಿಯ ಮುಂದೆ ಸಿಮಿಯು ಮೊದಲು ನಿಂತಿದ್ದ, ಕಿಲೊಂಜೊ ಅವನ ಹಿಂದೆ. ರಿಜಿಸ್ಟರ್ ಹುಡುಕಲು ಒಳಗೆ ಹೋದ ಗುಮಾಸ್ತ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಕ್ಯಾಂಟೀನಿನಿಂದ ಶುಂಠಿ ಚಹಾದ ವಾಸನೆ ಬಂತು. ‘ನನ್ನ ಜಾಗ ನೋಡ್ಕೊಂಡಿರು’ ಎಂದು ಹೇಳಿ ಸಿಮಿಯು ಹೋದ. ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದಾಗ ಕಿಲೊಂಜೊ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುತ್ತಿದ್ದ.

“ಏನೀಗ? ಇಬ್ರೂ ಒಂದೇ ದಿನ ಸೇರಿದ್ದು ತಾನೆ” ಎಂದಿದ್ದ ಕಿಲೊಂಜೊ. ಹೌದಲ್ಲ ಎಂದು ಸಿಮಿಯುವೂ ನಕ್ಕಿದ್ದ.

ಒಂದೇ ದಿನ ಸೇರಿದವರಲ್ಲಿ ಮೊದಲು ಸಹಿ ಹಾಕಿದವನೇ ಹಿರಿಯ ಎಂಬ ನಿಯಮ ಅವನಿಗೆ ತಿಳಿದದ್ದು ಆಮೇಲೆ. ಸೀನಿಯಾರಿಟಿ ಪಟ್ಟಿಯಲ್ಲಿ ಕಿಲೊಂಜೊ ಸದಾ ಅವನಿಗಿಂತ ಒಂದು ಸಾಲು ಮೇಲೆ. ಮೇಲಿನವರು ನಿವೃತ್ತರಾದಂತೆ ಇಬ್ಬರೂ ಒಟ್ಟೊಟ್ಟಿಗೇ ಮೇಲೇರಿ ಬಂದು ಈಗ ಕಿಲೊಂಜೊ ಇಪ್ಪತ್ತೈದನೆಯವನು, ಸಿಮಿಯು ಇಪ್ಪತ್ತಾರನೆಯವನು. ಹದಿನಾರು ವರ್ಷ ಈ ಒಂದು ಸಾಲಿನ ಅಂತರದಿಂದ ಸಿಮಿಯುನ ಕೂದಲೂ ಕೊಂಕಿರಲಿಲ್ಲ.

ಈ ವರ್ಷ ಮಾತ್ರ ವಿಮಾನ ಹತ್ತುವವರೇ ಇಲ್ಲವಾದರು. ಹನ್ನೊಂದು ವಿಮಾನಗಳಲ್ಲಿ ಒಂಬತ್ತು ಎಂಜಿನ್ನಿನ ಬಾಯಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು ಹುಲ್ಲಿನ ಪಕ್ಕ ನಿಂತವು. ಹೆಡ್ ಆಫೀಸಿನಿಂದ ಬರುವ ಪತ್ರಗಳೆಲ್ಲ ‘ನಮ್ಮ ಪ್ರೀತಿಯ ಕುಟುಂಬದವರೇ’ ಎಂದು ಶುರುವಾಗತೊಡಗಿದವು. ಕಂಪನಿ ಕೆಲಸಗಾರರನ್ನು ಕುಟುಂಬ ಎಂದು ಕರೆಯತೊಡಗಿದರೆ ಒಳಗೆಲ್ಲೋ ಕತ್ತರಿ ಮಸೆಯುತ್ತಿದೆ ಎಂದೇ ಲೆಕ್ಕ. ಗುರುವಾರ ಬೆಳಿಗ್ಗೆ ಕ್ಯಾಂಟೀನಿನ ಗೋಡೆಗೆ ಆ ಕತ್ತರಿಯನ್ನು ಅಂಟಿಸಿಯೂ ಬಿಟ್ಟರು.

ನೋಟಿಸಿನಲ್ಲಿ ಎರಡೇ ಮಾತು. ಸಾಮಾನು ಏರಿಸಿ ಇಳಿಸುವ, ವಿಮಾನ ಗುಡಿಸುವ, ಎಳೆಯುವ, ದಾರಿ ತೋರಿಸುವ ನೆಲದ ವಿಭಾಗದಲ್ಲಿ ನಲವತ್ತು ಜನರಿದ್ದಾರೆ. ಒಂದೋ ನಲವತ್ತೂ ಮಂದಿ ಸಂಬಳದಲ್ಲಿ ನೂರಕ್ಕೆ ಮೂವತ್ತು ಬಿಟ್ಟುಕೊಡಬೇಕು, ಇಲ್ಲವೇ ಪಟ್ಟಿಯ ಮೇಲಿನ ಇಪ್ಪತ್ತೈದು ಜನ ಪೂರ್ತಿ ಸಂಬಳದಲ್ಲಿ ಉಳಿದು ಮಿಕ್ಕವರು ಒಂದು ವರ್ಷ ಸಂಬಳವಿಲ್ಲದ ರಜೆಯ ಮೇಲೆ ಹೋಗಬೇಕು. ಯಾವುದೆಂದು ವಿಭಾಗದವರೇ ಸಂಜೆ ನಾಲ್ಕರೊಳಗೆ ತಿಳಿಸತಕ್ಕದ್ದು. ಯಾರ ಕುತ್ತಿಗೆ ಎಂದು ಕುತ್ತಿಗೆಗಳನ್ನೇ ಕೇಳುವ ಸೌಜನ್ಯ ಆ ಕಂಪನಿಗಿತ್ತು.

ಸಿಮಿಯು ನೋಟಿಸನ್ನು ಮೂರು ಸಲ ಓದಿದ. ಮೂರು ಸಲವೂ ಇಪ್ಪತ್ತೈದರ ನಂತರ ಇಪ್ಪತ್ತಾರೇ ಬಂತು. ‘ಒಂದು ವರ್ಷದ ರಜೆ’ ಅಂದರೆ ಏನೆಂಬುದು ವಿಮಾನ ನಿಲ್ದಾಣದ ಗೇಟಿನ ಬಳಿ ಜೋಳ ಸುಟ್ಟು ಮಾರುವ ಮುಥಾಮನನ್ನು ನೋಡಿದರೆ ತಿಳಿಯುತ್ತಿತ್ತು. ಮೂರು ವರ್ಷದ ಹಿಂದೆ ಹೀಗೇ ಒಂದು ವರ್ಷಕ್ಕೆಂದು ಆರು ಜನರನ್ನು ಕಳಿಸಿದ್ದರು. ಮುಥಾಮ ಅವರಲ್ಲೊಬ್ಬ. ಇವತ್ತಿಗೂ ಕಂಪನಿಯ ಜಾಕೆಟ್ ತೊಟ್ಟುಕೊಂಡೇ ಕೆಂಡಕ್ಕೆ ಗಾಳಿ ಹಾಕುತ್ತಾನೆ. ಸಿಮಿಯುಗೆ ಬೋರ್ಡಿಂಗ್ ಶಾಲೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ನಫುಲಾ ಮನೆಯಲ್ಲಿ ಸಮವಸ್ತ್ರ ಹೊಲಿಯುತ್ತಾಳೆ, ಆದರೆ ಆ ಹೊಲಿಗೆಯಿಂದ ಬರುವುದು ಸಕ್ಕರೆ, ಸೋಪಿಗೆ ಸಾಲದು. ಮೂವತ್ತು ಹೋದರೆ ಎಪ್ಪತ್ತು ಉಳಿಯುತ್ತದೆ, ರಜೆಯಾದರೆ ಏನೂ ಉಳಿಯುವುದಿಲ್ಲ. ಸಂಬಳ ಕಡಿತವೇ ಧರ್ಮ ಎಂಬುದು ಅವನಿಗೆ ಆ ಕ್ಷಣವೇ ಮನವರಿಕೆಯಾಯಿತು.

ಕಷ್ಟ ಏನೆಂದರೆ, ಪಟ್ಟಿಯ ಮೇಲಿನ ಇಪ್ಪತ್ತೈದು ಜನರಿಗೂ ಅಷ್ಟೇ ಬೇಗ ರಜೆಯೇ ಧರ್ಮ ಎಂದು ಮನವರಿಕೆಯಾಗಿತ್ತು. ಅವರಲ್ಲಿ ಒಂದನೇ ನಂಬರಿನ ಒಡೆರೊ ಯೂನಿಯನ್ನಿನ ಅಧ್ಯಕ್ಷ, ಹಿರಿಯನೆಂದು ಎಲ್ಲರೂ ಅವನನ್ನು ಮ್ಜೀ ಎನ್ನುತ್ತಿದ್ದರು. ಟೈ ಕಟ್ಟದೆ ಬಚ್ಚಲಿಗೂ ಹೋಗದ ಮುದುಕ. ಅಧ್ಯಕ್ಷನಾದ್ದರಿಂದ ಎರಡೂ ಕಡೆ ಸಮವಾದರೆ ಮಾತ್ರ ಅವನ ಮತ. ಮಿಕ್ಕವರಲ್ಲಿ ರಜೆಯ ಕಡೆಗೆ ಇಪ್ಪತ್ತನಾಲ್ಕು, ಕಡಿತದ ಕಡೆಗೆ ಹದಿನೈದು. ಐದು ಜನರನ್ನು ಎಳೆದುಕೊಂಡರೆ ಒಂದು ಮತದಲ್ಲಿ ಗೆಲುವು.

ಸಿಮಿಯು ಕ್ಯಾಂಟೀನಿನ ಬೆಂಚಿನ ಮೇಲೆ ಹತ್ತಿ ನಿಂತ. ವಿಮಾನಗಳಿಗೆ ಕಿತ್ತಳೆ ಬಣ್ಣದ ಎರಡು ಕೋಲು ಬೀಸಿ ದಾರಿ ತೋರಿಸುವುದು ಅವನ ಕೆಲಸ. ಎಂಜಿನ್ನಿನ ಗದ್ದಲದಲ್ಲಿ ಮಾತು ಯಾರಿಗೂ ಕೇಳಿಸದ ಕಾರಣ ಹದಿನಾರು ವರ್ಷದಿಂದ ಅವನು ಮಾತಾಡಿದ್ದೇ ಕಡಿಮೆ. ಅಷ್ಟೂ ಮಾತು ಅವತ್ತು ಹೊರಬಂತು.

“ಅಣ್ಣಂದಿರೇ, ಅಕ್ಕಂದಿರೇ, ವಿಮಾನ ಒಂದೇ ಚಕ್ರದ ಮೇಲೆ ಇಳಿಯಲ್ಲ. ಇಳಿದ್ರೆ ಎಲ್ಲ ಚಕ್ರಗಳೂ ಒಟ್ಟಿಗೇ ನೆಲ ಮುಟ್ಟಬೇಕು. ಹದಿನೈದು ಜನರ ಒಲೆ ಆರಿಸಿ ನಾವು ಚಳಿ ಕಾಯಿಸ್ಕೊಳ್ಳೋದಾ? ಎಲ್ರ ತಟ್ಟೆಯಿಂದ್ಲೂ ಒಂದೊಂದು ತುತ್ತು ತೆಗೆದ್ರೆ ಯಾರೂ ಸಾಯಲ್ಲ. ಒಬ್ಬನ ತಟ್ಟೆನೇ ಕಿತ್ಕೊಂಡ್ರೆ ಅವನ ಮನೆಯವರೆಲ್ಲ ಸಾಯ್ತಾರೆ.”

“ಮುಂದಿನ ಚಕ್ರ ಆಮೇಲೆ ಮುಟ್ಟೋದು” ಎಂದು ಚೆರುಯೊಟ್ ತಿದ್ದಿದ. ವಿಮಾನ ಎಳೆಯುವ ಟ್ರ್ಯಾಕ್ಟರಿನ ಚಾಲಕ ಅವನು, ಹನ್ನೆರಡನೇ ನಂಬರು. ಆದರೂ ಭಾಷಣ ತಾಗಬೇಕಾದಲ್ಲಿ ತಾಗಿತ್ತು. ಪಟ್ಟಿಯ ಕೆಳಗಿನವರು ಮೇಜು ಕುಟ್ಟಿದರು. ಇಪ್ಪತ್ತೇಳನೇ ನಂಬರಿನ ಜೆಬೆಟ್ ಎಂಬ ಸಾಮಾನು ವಿಭಾಗದ ಹೆಂಗಸು ಕಣ್ಣೊರೆಸಿಕೊಂಡಳು. ಮೂಲೆಯಲ್ಲಿ ಕೂತಿದ್ದ ಕಿಲೊಂಜೊ ಮಾತ್ರ ಎದ್ದು ಬಾಗಿಲಿನತ್ತ ನಡೆದ. ಸಿಮಿಯು ಹಿಂದೆಯೇ ಹೋಗಿ ಅವನ ಕೈ ಹಿಡಿದು, ಹದಿನಾರು ವರ್ಷದ ಗೆಳೆತನವನ್ನು ನೆನಪಿಸಿ, ಸಂಗಡಿಗರನ್ನು ನಡುನೀರಿನಲ್ಲಿ ಬಿಟ್ಟುಹೋಗುವವನು ಮನುಷ್ಯನೇ ಅಲ್ಲ ಎಂದ. ಕಿಲೊಂಜೊ ನೆಲ ನೋಡುತ್ತ ‘ನೋಡೋಣ’ ಎಂದು ಹೊರಟುಹೋದ.

ಇವನನ್ನು ನಂಬಿ ಕೂತರೆ ಆಗದು ಎಂದು ಸಿಮಿಯು ಒಬ್ಬೊಬ್ಬರನ್ನೇ ಹಿಡಿಯಲು ಹೊರಟ. ಒಂಬತ್ತನೇ ನಂಬರಿನ ಮ್ವಿಕಾಲಿ ಅಕ್ಕ ವಿಮಾನ ಗುಡಿಸುವವರ ಮೇಲ್ವಿಚಾರಕಿ, ಇಗರ್ಜಿಯ ಗಾಯನ ತಂಡದ ಮುಖ್ಯಸ್ಥೆ. ತನ್ನ ತಂಡಕ್ಕೆ ಗಂಡು ದನಿ ಸಿಗುತ್ತಿಲ್ಲ ಎಂಬುದು ಅವಳ ಹಳೆಯ ಕೊರಗು. ಸಿಮಿಯು ಪ್ರತಿ ಭಾನುವಾರ ಬಂದು ಹಾಡುತ್ತೇನೆ ಎಂದು ಮಾತು ಕೊಟ್ಟ. ಅವನು ಹಾಡಿದ್ದನ್ನು ಕೇಳಿದ ಯಾರೂ ಈ ಹರಕೆಯನ್ನು ಒಪ್ಪುತ್ತಿರಲಿಲ್ಲ, ಆದರೆ ಅವಳು ಬರೀ ಭಾಷಣ ಕೇಳಿದ್ದಳು. ಚೆರುಯೊಟ್ ನೇರ ಮನುಷ್ಯ. ತನ್ನ ಭಾನುವಾರದ ಪಾಳಿಯನ್ನೆಲ್ಲ ಆರು ತಿಂಗಳು ಸಿಮಿಯು ಮಾಡಿದರೆ ತಾನು ಊರಿಗೆ ಹೋಗಿ ಹಸು ನೋಡಿಕೊಂಡು ಬರಬಹುದು ಎಂದ. ಅದಕ್ಕೂ ಸಿಮಿಯು ತಲೆಯಾಡಿಸಿದ. ಭಾನುವಾರ ಗಾಯನಕ್ಕೂ ಪಾಳಿಗೂ ಒಬ್ಬನೇ ಹೇಗೆ ಹೋಗುವುದು ಎಂಬ ಪ್ರಶ್ನೆಯನ್ನು ಭಾನುವಾರಕ್ಕೇ ಬಿಟ್ಟ. ಉಳಿದ ಮೂರು ಮತ ಮೂವರು ಲೋಡರ್‌ಗಳದ್ದು. ಅವರಿಗೆ ಹೆಂಡಿರು ಮಕ್ಕಳಿಗಿಂತ ಹಸಿರು ಅಂಗಿಯ ಫುಟ್‌ಬಾಲ್ ತಂಡ ಹೆಚ್ಚು. ಸಿಮಿಯು ಹುಟ್ಟಿದಾಗಿನಿಂದ ನೀಲಿ ಅಂಗಿಯ ತಂಡದವನು, ಅವನಪ್ಪನೂ ನೀಲಿ, ಅವನಜ್ಜನನ್ನು ಹೂಳಿದ್ದೇ ನೀಲಿ ಕಂಬಳಿಯಲ್ಲಿ. ಇವತ್ತಿಡೀ ದಿನ ನೀನು ಹಸಿರು ಅಂಗಿ ಹಾಕಿಕೊಂಡು ಓಡಾಡಿದರೆ ನಮ್ಮ ಮೂರೂ ಮತ ನಿನಗೆ ಎಂದರು ಅವರು. ಸಿಮಿಯು ಕಣ್ಣುಮುಚ್ಚಿ ಅಂಗಿ ತೊಟ್ಟ.

ಹನ್ನೊಂದೂವರೆಗೆ ಐದೂ ಮತ ಜೇಬಿನಲ್ಲಿದ್ದವು. ಗೆದ್ದ ಖುಷಿಯಲ್ಲಿ ಅವನು ಕ್ಯಾಂಟೀನಿಗೆ ಹೋಗಿ ಎಣ್ಣೆಯಲ್ಲಿ ಕರಿದ ಸಿಹಿ ಬನ್ನು, ಮಂದಾಜಿ ಕೇಳಿದ. ಕ್ಯಾಂಟೀನಿನ ಅವೂರ್ ಅಮ್ಮ, ಕೊನೆಯ ನಾಲ್ಕನ್ನೂ ದಾರಿಗೆ ಬೇಕೆಂದು ಕಿಲೊಂಜೊ ಕಟ್ಟಿಸಿಕೊಂಡು ಹೋದ ಎಂದಳು.

“ಯಾವ ದಾರಿಗೆ?”

“ನಿಂಗೆ ಗೊತ್ತಿಲ್ವಾ? ಊರೊಳಗಿನ ಹೆಡ್ ಆಫೀಸಿಗೆ ಹೋಗಿದಾನಪ್ಪ, ರಾಜೀನಾಮೆ ಕೊಡೋಕೆ. ದುಬೈಲಿ ಕೆಲಸ ಸಿಕ್ಕಿದೆಯಂತೆ. ಕಾಗದ ನಾನೇ ನೋಡ್ದೆ, ಮಂದಾಜಿ ಎಣ್ಣೆ ತಾಗ್ಬಾರ್ದು ಅಂತ ಬೇರೆ ಜೇಬಲ್ಲಿ ಇಟ್ಕೊಂಡ.”

ಸಿಮಿಯು ಬೆಂಚಿನ ಮೇಲೆ ಕೂತುಬಿಟ್ಟ. ಕಿಲೊಂಜೊ ಹೋದರೆ ತಾನು ಇಪ್ಪತ್ತೈದು. ಇಪ್ಪತ್ತೈದೆಂದರೆ ಗೆರೆಯ ಮೇಲೆ. ರಜೆ ಗೆದ್ದರೆ ಪೂರ್ತಿ ಸಂಬಳ, ಕಡಿತ ಗೆದ್ದರೆ ಎಪ್ಪತ್ತು. ಬೆಳಗಿನಿಂದ ಮೈಯೆಲ್ಲ ಬೆವರಿಸಿಕೊಂಡು ತಾನು ಗೆಲ್ಲಿಸಿದ್ದು ತನ್ನದೇ ಮೂವತ್ತನ್ನು ಕತ್ತರಿಸುವ ಕತ್ತರಿಯನ್ನು. ಎಲ್ಲರ ತಟ್ಟೆಯಿಂದ ಒಂದೊಂದು ತುತ್ತು ಎಂದಿದ್ದು ತಾನೇ ಹೌದು, ಆದರೆ ಆಗ ತನ್ನ ಮುಂದೆ ತಟ್ಟೆಯೇ ಇರಲಿಲ್ಲ. ತಟ್ಟೆ ಬಂದ ಮೇಲೆ ತುತ್ತಿನ ಲೆಕ್ಕ ಬೇರೆ.

ಅಷ್ಟರಲ್ಲಿ ದಿನದ ಒಂದೇ ವಿಮಾನ ಬಂತು. ಸಿಮಿಯು ಕೋಲು ಹಿಡಿದು ಓಡಿ ಅದನ್ನು ನಿಲ್ಲಿಸಿದ. ಆಮೇಲೆ ಚೆರುಯೊಟ್‌ನ ಟ್ರ್ಯಾಕ್ಟರಿಗೆ ದಾರಿ ತೋರಿಸಬೇಕು. ಹಿಂದಕ್ಕೆ ಬಾ ಎಂದು ಕೋಲು ಆಡಿಸುತ್ತಿದ್ದ ಸಿಮಿಯುನ ತಲೆ ಎಪ್ಪತ್ತು, ನೂರರ ಮಧ್ಯೆ ಓಡಾಡುತ್ತಿತ್ತು. ಟ್ರ್ಯಾಕ್ಟರ್ ಬಂತು, ಬಂತು, ತಂತಿ ಬೇಲಿಯನ್ನು ಎರಡು ಮೊಳ ಬಾಗಿಸಿ ನಿಂತಿತು.

“ಕಣ್ಣು ಕಾಣಲ್ವೇನೋ ಮಾರಾಯ ನಿಂಗೆ?” ಎಂದ ಸಿಮಿಯು.

“ಕೋಲು ನಿಲ್ಲು ಅನ್ಲಿಲ್ಲ” ಎಂದ ಚೆರುಯೊಟ್ ಶಾಂತವಾಗಿ. “ಇಪ್ಪತ್ತೊಂದು ವರ್ಷ ಆಯ್ತು, ನಾನು ಬೇಲಿ ನೋಡೋದಿಲ್ಲ. ಕೋಲು ನೋಡ್ತೀನಿ.”

ಊಟದ ಹೊತ್ತಿನಿಂದ ಸಿಮಿಯು ಉಲ್ಟಾ ಪ್ರಚಾರ ಶುರುಮಾಡಿದ. ಲೆಕ್ಕದ ಪ್ರಕಾರ ಹೆಚ್ಚೇನೂ ಬೇಕಿರಲಿಲ್ಲ. ಕಿಲೊಂಜೊ ಹೋದ, ತಾನು ಆ ಕಡೆಗೆ ಜಿಗಿದರೆ ಹತ್ತೊಂಬತ್ತು ಹತ್ತೊಂಬತ್ತು ಸಮ. ಆಮೇಲೆ ಒಡೆರೊನ ಮತ. ಒಂದನೇ ನಂಬರಿನವನು ತನ್ನ ಸಂಬಳವನ್ನು ತಾನೇ ಕತ್ತರಿಸಿಕೊಳ್ಳುವಷ್ಟು ಮುದುಕನಾಗಿರಲಿಲ್ಲ. ಆದರೂ ಭದ್ರವಾಗಿರಲೆಂದು ಐವರಲ್ಲಿ ಒಬ್ಬರನ್ನಾದರೂ ವಾಪಸು ಕಳಿಸಿಬಿಡೋಣ ಎಂದುಕೊಂಡ.

ಮ್ವಿಕಾಲಿ ಅಕ್ಕನ ಬಳಿ ಹೋಗಿ, ಅಕ್ಕ, ನಿಮ್ಮ ಮಕ್ಕಳ ಬಗ್ಗೆಯೂ ಯೋಚನೆ ಮಾಡಿ ಎಂದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಎರಡು ನಿಮಿಷ ಪ್ರಾರ್ಥನೆ ಮಾಡಿದಳು. ನನ್ನನ್ನು ಪರೀಕ್ಷೆ ಮಾಡುತ್ತಿದ್ದೀಯ, ಒಳ್ಳೆಯದು, ನಾನು ಜಾರುವವಳಲ್ಲ ಎಂದಳು. ಹಸಿರು ಅಂಗಿಯ ಮೂವರು ಅವನ ಮಾತು ಪೂರ್ತಿ ಕೇಳದೆ ಫೋಟೋ ತೆಗೆದುಕೊಂಡು ವಾಟ್ಸಾಪಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ನೀಲಿ ತಂಡದ ಅಭಿಮಾನಿ ಸಂಘದಿಂದ ಅವನ ಹೆಸರನ್ನು ಹೊಡೆದುಹಾಕಿದರು, ಅದಕ್ಕೆ ಸಹಿ ಹಾಕಿದವನು ಅವನ ಸ್ವಂತ ಭಾವಮೈದುನ. ಚೆರುಯೊಟ್ ಆಗಲೇ ಊರಿಗೆ ಫೋನು ಮಾಡಿ ಭಾನುವಾರ ಬರುತ್ತೇನೆಂದು ಹಸುವಿಗೂ ತಿಳಿಸಿದ್ದ.

ಇಷ್ಟರ ಮಧ್ಯೆ ಜೆಬೆಟ್ ಒಂದು ಕಪ್ ಚಹಾ ತಂದು ಅವನ ಕೈಗಿಟ್ಟಳು.

“ಅಣ್ಣ, ನಮ್ಮನೇಲಿ ಸಂಬಳ ತರೋಳು ನಾನೊಬ್ಳೇ. ಬೆಳಿಗ್ಗೆ ನೋಟಿಸ್ ನೋಡಿ ಇನ್ನು ಮುಗೀತು ಅಂದ್ಕೊಂಡಿದ್ದೆ. ನೀವು ನಿಂತ್ಕೊಂಡ್ರಲ್ಲ, ಆಗ ಜೀವ ಬಂತು.”

ಕಿಲೊಂಜೊ ಹೋದರೂ ಗೆರೆಯ ಕೆಳಗೇ ಉಳಿಯುವ ಮೊದಲ ಹೆಸರು ಅವಳದ್ದು. ಸಿಮಿಯುಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಆದರೆ ಚಹಾ ಬಿಸಿಯಾಗಿತ್ತು, ಕುಡಿದ.

ಮೂರೂವರೆಗೆ ಎಲ್ಲರೂ ಸರಕಿನ ಶೆಡ್ಡಿನ ಹಿಂದೆ ಸೇರಿದರು. ಹೋದ ಚುನಾವಣೆಯಲ್ಲಿ ಪೆಟ್ಟಿಗೆ ಇಟ್ಟಾಗ ನಲವತ್ತು ಜನರ ಐವತ್ತಮೂರು ಚೀಟಿ ಬಿದ್ದಿದ್ದವು. ಆದ್ದರಿಂದ ಮ್ಜೀ ಒಡೆರೊ ಹಳೆಯ ಕಾಲದ ಮ್ಲೊಲೊಂಗೊವನ್ನೇ ಹಿಡಿದಿದ್ದ. ಎರಡು ಕಡೆಗೆ ಎರಡು ಸಾಲು, ನಿಮ್ಮ ಮತ ಯಾವುದೋ ಆ ಸಾಲಿನಲ್ಲಿ ನೀವು ನಿಲ್ಲಬೇಕು, ಅವನು ತಲೆ ಎಣಿಸುತ್ತಾನೆ. ಸಾಲಿನ ಮುಂದೆ ಗುರುತಿಗೆಂದು ಒಬ್ಬ ಮುಖಂಡ ಜನರ ಕಡೆ ಮುಖ ಮಾಡಿ ನಿಲ್ಲಬೇಕು, ಮುಖಂಡನ ತಲೆ ಲೆಕ್ಕಕ್ಕಿಲ್ಲ.

ಸಿಮಿಯು ಮೆಲ್ಲನೆ ರಜೆಯ ಸಾಲಿನ ಕೊನೆಗೆ ಸರಿಯುತ್ತಿದ್ದ. ಗುಂಪಿನಲ್ಲಿ ಗೋವಿಂದ ಎಂಬಂತೆ ಅಲ್ಲೇ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವ ಯೋಚನೆ. ಅಷ್ಟರಲ್ಲಿ ಯಾರೋ, ಕಡಿತದ ಸಾಲಿಗೆ ಮುಖಂಡ ಇನ್ಯಾರು, ನಮ್ಮ ಸಿಮಿಯು ಎಂದರು. ಹಸಿರಿನ ಮೂವರು ಅವನನ್ನು ಅನಾಮತ್ತಾಗಿ ಎತ್ತಿ ತಂದು ಮುಂದೆ ನಿಲ್ಲಿಸಿದರು. ಬಾವುಟದ ಬದಲು ಅವನದೇ ಸೊಂಟದಿಂದ ಎರಡು ಕೋಲು ಕಿತ್ತು ಅವನ ಕೈಗೇ ಕೊಟ್ಟರು. ರಜೆಯ ಸಾಲಿಗೆ ಮುಖಂಡನಾಗಲು ಯಾರೂ ಬರಲಿಲ್ಲ. ಮತ ಹಾಕುವಷ್ಟು ಧೈರ್ಯ ಎಲ್ಲರಿಗೂ ಇತ್ತು, ಮುಖ ತೋರಿಸುವಷ್ಟು ಇರಲಿಲ್ಲ. ಕೊನೆಗೆ ಚಕ್ರ ಮುರಿದ ಒಂದು ಲಗೇಜು ಗಾಡಿಯನ್ನು ತಳ್ಳಿ ತಂದು ಆ ಸಾಲಿನ ಮುಖಂಡನನ್ನಾಗಿ ಮಾಡಿದರು.

ಸಿಮಿಯು ನಿಂತಲ್ಲೇ ತಲೆ ಎಣಿಸಿದ. ತನ್ನ ಮುಂದೆ ಹತ್ತೊಂಬತ್ತು, ಗಾಡಿಯ ಮುಂದೆ ಹದಿನೆಂಟು. ತನ್ನ ಮತ ಲೆಕ್ಕಕ್ಕಿಲ್ಲ. ಕಡಿತ ಒಂದು ತಲೆಯಲ್ಲಿ ಗೆಲ್ಲುತ್ತಿತ್ತು, ಒಡೆರೊ ಪೆನ್ಸಿಲ್ ಚೂಪು ಮಾಡುತ್ತ ಬರುತ್ತಿದ್ದ.

ಸಾಲಿನ ಕೊನೆಯಲ್ಲಿ ಚೆರುಯೊಟ್ ನಿಂತಿದ್ದ. ಎಲ್ಲರೂ ಅಧ್ಯಕ್ಷನನ್ನು ನೋಡುತ್ತಿದ್ದರೆ ಅವನೊಬ್ಬ ಮಾತ್ರ ರೂಢಿಯಂತೆ ಸಿಮಿಯುನ ಕೋಲುಗಳನ್ನೇ ನೋಡುತ್ತಿದ್ದ.

ಸಿಮಿಯುವೇ ಮಾಡಿದನೋ ಅವನ ಕೈಗಳು ಮಾಡಿದವೋ ಹೇಳುವುದು ಕಷ್ಟ. ಒಂದು ಕೋಲು ಗಾಡಿಯ ಕಡೆಗೆ ಅಡ್ಡಕ್ಕೆ ಚಾಚಿಕೊಂಡಿತು. ಇನ್ನೊಂದು ಬಾ ಬಾ ಎಂದು ಆಡಿತು. ಜನ ಅದನ್ನು ಉತ್ಸಾಹ ಎಂದುಕೊಂಡು ಚಪ್ಪಾಳೆ ಹೊಡೆದರು. ಚೆರುಯೊಟ್ ಮುಖದಲ್ಲಿ ಯಾವ ಭಾವವೂ ಇಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಬಂದ, ತಿರುಗಿದ, ನೇರವಾಗಿ ನಡೆದು ರಜೆಯ ಸಾಲಿನ ಬಾಲಕ್ಕೆ ಸೇರಿದ. ಸಿಮಿಯು ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದ. ಚೆರುಯೊಟ್ ನಿಂತ. ಒಡೆರೊ ಆಗ ಎಣಿಸತೊಡಗಿದ.

“ಕಡಿತಕ್ಕೆ ಹದಿನೆಂಟು, ರಜೆಗೆ ಹತ್ತೊಂಬತ್ತು” ಎಂದು ಸಾರಿ, ಅಲ್ಲಿಂದಲೇ ಹೆಡ್ ಆಫೀಸಿಗೆ ಫೋನು ಮಾಡಿ ತಿಳಿಸಿಯೂಬಿಟ್ಟ.

ಕೆಳಗಿನ ನಂಬರಿನವರು ನೆಲಕ್ಕೆ ಕುಸಿದರು. ಸಿಮಿಯು ಮುಖವನ್ನು ಆದಷ್ಟು ಜೋತುಹಾಕಿ, ಸೋಲು ಗೆಲುವು ನಮ್ಮ ಕೈಯಲ್ಲಿಲ್ಲ ಎಂದು ಒಬ್ಬೊಬ್ಬರ ಬೆನ್ನು ತಟ್ಟುತ್ತ ಹೋದ. ಒಳಗೆ ಮಾತ್ರ ಹೆಣ್ಣುಮಕ್ಕಳು, ನಫುಲಾ, ನೂರಕ್ಕೆ ನೂರು ಎಲ್ಲ ಕೈಹಿಡಿದು ಕುಣಿಯುತ್ತಿದ್ದರು. ಜೆಬೆಟ್‌ಳ ಬೆನ್ನು ತಟ್ಟಲು ಹೋದಾಗ ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು.

ಆ ಹೊತ್ತಿಗೆ ಶೆಡ್ಡಿನ ಮೂಲೆಯಿಂದ ಕಿಲೊಂಜೊ ಓಡುತ್ತ ಬಂದ. ಬೆವರಿನಲ್ಲಿ ತೊಯ್ದಿದ್ದ, ಕಣ್ಣು ಕೆಂಪಾಗಿತ್ತು. ಬಂದವನೇ ಸಿಮಿಯುನನ್ನು ಬಾಚಿ ತಬ್ಬಿಕೊಂಡ.

“ಕೊಡ್ಲಿಲ್ಲ ಕಣೋ. ಹೆಡ್ ಆಫೀಸಿನ ಬಾಗಿಲ ತನಕ ಹೋದೆ. ಕಾಗದ ಕೈಯಲ್ಲಿತ್ತು. ನಡುನೀರಲ್ಲಿ ಬಿಟ್ಟುಹೋಗೋನು ಮನುಷ್ಯನೇ ಅಲ್ಲ ಅಂದ್ಯಲ್ಲ, ಅದು ಕಿವೀಲೇ ಕೂತಿತ್ತು. ದುಬೈ ಎಲ್ಲಿಗೂ ಓಡಿಹೋಗಲ್ಲ, ನನ್ನ ಜನ ಇವತ್ತು ಕಷ್ಟದಲ್ಲಿದಾರೆ ಅನ್ನಿಸ್ತು. ಹರಿದು ಚರಂಡಿಗೆ ಹಾಕ್ದೆ. ದಾರೀಲಿ ಬಸ್ ಕೆಟ್ಟು ನಿಲ್ತು, ಓಡ್ಕೊಂಡೇ ಬಂದೆ, ನಿನ್ನ ಸಾಲಲ್ಲಿ ನಿಲ್ಲೋಕೆ.”

ಸುತ್ತ ಇದ್ದವರ ಕಣ್ಣೆಲ್ಲ ಒದ್ದೆಯಾಯಿತು. ಸಿಮಿಯುನ ಕಣ್ಣು ಎಲ್ಲರಿಗಿಂತ ಹೆಚ್ಚು ಒದ್ದೆಯಾಯಿತು. ಕಿಲೊಂಜೊ ಇಪ್ಪತ್ತೈದು. ತಾನು ಇಪ್ಪತ್ತಾರು. ರಜೆ ಗೆದ್ದಿದೆ, ಗೆಲ್ಲಿಸಿದ್ದು ತನ್ನದೇ ಎರಡು ಕೋಲು.

ಅವನು ಒಡೆರೊನ ಟೈ ಹಿಡಿದುಕೊಳ್ಳುವುದೊಂದು ಬಾಕಿ. ಕಿಲೊಂಜೊನನ್ನೂ ಸೇರಿಸಿ ಇನ್ನೊಮ್ಮೆ ಎಣಿಸಿ ಎಂದ. ತಡವಾಗಿ ಬಂದವನ ತಲೆ ಲೆಕ್ಕಕ್ಕಿಲ್ಲ ಎಂದ ಒಡೆರೊ. ಹಾಗಾದರೆ ಚೆರುಯೊಟ್ ತಪ್ಪಿ ಆ ಸಾಲಿಗೆ ಹೋಗಿದ್ದಾನೆ, ಅದನ್ನಾದರೂ ಸರಿಮಾಡಿ ಎಂದ.

“ತಪ್ಪಿ ಹೋದ ಅಂತ ನಿಂಗೆ ಹೇಗೆ ಗೊತ್ತು?” ಎಂದು ಒಡೆರೊ ಕನ್ನಡಕ ಕೆಳಗಿಳಿಸಿ ಕೇಳಿದ.

ಸಿಮಿಯು ಬಾಯಿ ತೆರೆದ. ನಿಜ ಹೇಳಿದರೆ ಕೆಲಸ ಉಳಿಯಬಹುದು, ಹೇಳಿದವನು ಉಳಿಯುವುದು ಅನುಮಾನ. ಹದಿನೆಂಟು ಜನ ಅವನನ್ನೇ ನೋಡುತ್ತಿದ್ದರು. ಅವನು ಕೋಲುಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ಚೆರುಯೊಟ್‌ನ ಕಡೆ ದೀನನಾಗಿ ನೋಡಿದ. ಇದುವರೆಗೆ ತಾನು ಇಲ್ಲಿಗೆ ಹೇಗೆ ಬಂದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಚೆರುಯೊಟ್ ಈಗ ಬೆರಳು ಮಡಚಿ ಏನೋ ಕೂಡಿಸಿ ಕಳೆದು ಮುಗಿಸಿದ್ದ. ತನಗೆ ಪೂರ್ತಿ ಸಂಬಳ ಎಂಬುದು ಅವನಿಗೆ ಆಗಷ್ಟೇ ಹೊಳೆದಿತ್ತು.

“ತಪ್ಪಿ ಏನಲ್ಲ ಮ್ಜೀ, ಮನಃಸಾಕ್ಷಿ ಹೇಳ್ತು, ಹೋದೆ” ಎಂದ.

ರಜೆಯ ರಿಜಿಸ್ಟರ್ ಹಿಡಿದು ಗುಮಾಸ್ತ ಅದೇ ಹಳೆಯ ಕಿಟಕಿಯಲ್ಲಿ ಕೂತಿದ್ದ. ಹೋಗುವ ಹದಿನೈದು ಜನ ಇವತ್ತೇ ಸಹಿ ಹಾಕಬೇಕಿತ್ತು. ಸಿಮಿಯು ಎಲ್ಲರಿಗಿಂತ ಮುಂದೆ ನಿಂತ. ಕಾಲುಗಳು ಅಲ್ಲಿಗೆ ತಾವೇ ಬಂದಿದ್ದವು, ತಲೆ ಇನ್ನೂ ಶೆಡ್ಡಿನ ಹಿಂದೆಯೇ ಇತ್ತು. ಅವನ ಹಿಂದೆ ಜೆಬೆಟ್. ಗುಮಾಸ್ತ ಪೆನ್ನು ಹುಡುಕುತ್ತಿದ್ದ.

ಕಿಲೊಂಜೊ ಪಶ್ಚಾತ್ತಾಪದಿಂದ ಬೇಯುತ್ತಿದ್ದ. ಬರೀ ಒಂದು ಸಹಿ ಮೊದಲು ಹಾಕಿದ್ದಕ್ಕೆ ತಾನು ಒಳಗೆ, ಗೆಳೆಯ ಹೊರಗೆ. ಏನು ಮಾಡಬೇಕೆಂದು ತೋಚದೆ ಕ್ಯಾಂಟೀನಿಗೆ ಓಡಿ ಒಂದು ಕಪ್ ಶುಂಠಿ ಚಹಾ ಹಿಡಿದು ಬಂದು, ಸಿಮಿಯುನನ್ನು ಪಕ್ಕದ ಬೆಂಚಿಗೆ ಎಳೆದು ಕೂರಿಸಿದ. ಬೆಳಗಿನಿಂದ ಏನೂ ತಿಂದಿಲ್ಲ ನೀನು, ಇದನ್ನಾದರೂ ಕುಡಿ ಎಂದು ಬಲವಂತ ಮಾಡಿದ. ಎದ್ದು ಹೋಗುವಷ್ಟು ಶಕ್ತಿಯೂ ಸಿಮಿಯುಗೆ ಇರಲಿಲ್ಲ. ನನ್ನ ಜಾಗ ನೋಡಿಕೊಂಡಿರು ಎಂಬಂತೆ ಜೆಬೆಟ್ ಕಡೆ ತಲೆಯಾಡಿಸಿ ಕಪ್ಪಿಗೆ ಬಾಯಿಟ್ಟ.

ಪೆನ್ನು ಸಿಕ್ಕಿತು. ಜೆಬೆಟ್ ಸಹಿ ಹಾಕಿದಳು. ಅವಳ ಹಿಂದಿನವನು ಹಾಕಿದ, ಅವನ ಹಿಂದಿನವಳು ಹಾಕಿದಳು. ಸಿಮಿಯು ತಳದ ಸಕ್ಕರೆ ಕುಡಿದು ಎದ್ದು ಬಂದಾಗ ಹದಿನಾಲ್ಕು ಸಹಿ ಆಗಿದ್ದವು. ಕೊನೆಯ ಸಾಲಿನಲ್ಲಿ ಅವನು ತ್ರಾಣವಿಲ್ಲದೆ ಹೆಸರು ಬರೆದ. ಗುಮಾಸ್ತ ರಿಜಿಸ್ಟರ್ ಮುಚ್ಚಿ, ಕೆಲಸ ಹೆಚ್ಚಾದಾಗ ಕಂಪನಿ ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಾಪಸು ಕರೆಯುತ್ತದೆ ಎಂದು ತಿಳಿಸಿದ. ಎಲ್ಲರೂ ಒಂದೇ ದಿನ ಹೊರಟವರಾದ್ದರಿಂದ, ಸಹಿ ಹಾಕಿದ ಕ್ರಮದಲ್ಲೇ.

ಸಿಮಿಯು ಜೆಬೆಟ್‌ಳನ್ನು ನೋಡಿದ.

“ನಾನು ಸಾಮಾನು ವಿಭಾಗದೋಳು ಅಣ್ಣ” ಎಂದಳು ಅವಳು. “ಒಂಬತ್ತು ವರ್ಷದಿಂದ ನಿಮ್ಮ ಕೋಲಿನ ಮುಂದೇನೇ ಓಡಾಡಿದೀನಿ. ಅಡ್ಡ ಚಾಚಿದ್ರೆ ಏನು, ತಲೆ ಮೇಲೆ ಹಿಡಿದ್ರೆ ಏನು, ನಂಗೂ ಬರುತ್ತೆ.”

ಅವಳು ಜೋರಾಗಿ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಚೀಲ ಹೆಗಲಿಗೆ ಹಾಕಿಕೊಂಡು ಅವಳು ಹೋದಳು. ಮ್ವಿಕಾಲಿ ಅಕ್ಕ ಮಾತ್ರ ಗೇಟಿನ ತನಕ ಜೊತೆಗೆ ಬಂದು, ಹೇಗೂ ಈಗ ಬಿಡುವಾಯಿತಲ್ಲ, ಭಾನುವಾರ ಒಂದೇ ಅಲ್ಲ, ಬುಧವಾರ ಶುಕ್ರವಾರದ ಅಭ್ಯಾಸಕ್ಕೂ ಬಾ ಎಂದು ಸಮಾಧಾನ ಮಾಡಿದಳು.

ಹಸಿರು ಅಂಗಿ ತೊಟ್ಟ ಸಿಮಿಯು ಗೇಟು ದಾಟಿದ. ಮುಥಾಮ ಕೆಂಡಕ್ಕೆ ಗಾಳಿ ಹಾಕುತ್ತಿದ್ದವನು ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡ. ಜೋಳ ಸುಡುವ ಒಲೆಯ ಪಕ್ಕದ ಡಬ್ಬವನ್ನು ಸರಿಸಿ ಅವನಿಗೆ ಕೂರಲು ಜಾಗ ಮಾಡಿದ. ನಿಂಬೆಹಣ್ಣು, ಖಾರ ಸವರಿದ ಒಂದು ತೆನೆ ಕೈಗೆ ಕೊಟ್ಟು, ದುಡ್ಡು ಬೇಡ ಎಂದ.

“ಎಷ್ಟನೇ ಸಹಿ?” ಎಂದು ಕೇಳಿದ.

“ಹದಿನೈದು.”

ಮುಥಾಮ ಜೋಳ ತಿರುವಿ ಹಾಕಿದ.

“ನಮ್ಮ ಆರು ಜನದಲ್ಲಿ ಮೊದಲ್ನೇ ಸಹಿ ನಂದು. ನನ್ನನ್ನೇ ಇನ್ನೂ ಕರೆದಿಲ್ಲ” ಎಂದ.